ರೀಲಿನ ತುದಿ

“ಇಪ್ಪತ್ನಾಕು ಫೋಟೊದ ರೀಲು ಸಾಕ್ರಿ, ದಾವಲ್‌ಸಾಬ್ರ,” ಎಂದ ಪಕೀರಪ್ಪ.

“ಮೂವತ್ತಾರರದು ಕೊಡ್ರಿ,” ಎಂದಳು ಅವನ ಹಿಂದೆ ನಿಂತಿದ್ದ ಮಗಳು ಪೀರಮ್ಮ. ಬರುವ ಸೋಮವಾರ ಮದುವೆ ಇದ್ದದ್ದು ಅವಳದೇ. ಮದುಮಗಳೇ ಸಿಂಧನೂರಿನ ಸ್ಟುಡಿಯೊಕ್ಕೆ ಬಂದು ಕ್ಯಾಮೆರಾದ ರೀಲು ಆರಿಸುವುದು ಅವರ ಊರು ಗೊರೇಬಾಳದಲ್ಲಿ ಯಾರೂ ಕೇಳಿದ ಮಾತಲ್ಲ. ಆದರೆ ಅಪ್ಪನೊಬ್ಬನನ್ನೇ ಕಳಿಸಿದರೆ ಏನಾಗುತ್ತದೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಫೋಟೊಗ್ರಾಫರ್ ದಾವಲ್‌ಸಾಬ್ ಗಾಜಿನ ಮೇಜಿನ ಮೇಲೆ ಎರಡು ಕಲರ್ ರೀಲು ಇಟ್ಟ. ಪಕೀರಪ್ಪ ಒಂದೊಂದನ್ನೂ ಅಂಗೈಯಲ್ಲಿ ತೂಗಿ ನೋಡಿದ. ಎರಡೂ ಒಂದೇ ತೂಕ ಅನ್ನಿಸಿತು. ಮೂವತ್ತಾರರ ಮೇಲೆ ಅವನಿಗೆ ಗುಮಾನಿ ಬಂತು.

“ಯಪ್ಪ, ನಿನ್ನ ಲೆಕ್ಕದಾಗ ರಾಜಾಬೀ ಇಲ್ಲ,” ಎಂದಳು ಪೀರಮ್ಮ.

ಪಕೀರಪ್ಪ ಬೆರಳು ಮಡಚುತ್ತ ಮತ್ತೆ ಎಣಿಸಿದ. ಅರಿಷಿಣ, ತಾಳಿ, ಅಕ್ಷತೆ, ಬೀಗರು, ಬೀಗರ ಅಣ್ಣ, ಆ ಅಣ್ಣನ ಹೆಂಡತಿಯ ತವರಿನವರು. ಇಪ್ಪತ್ತನಾಲ್ಕಕ್ಕೆ ಎಲ್ಲರೂ ಮುಗಿದರು, ರಾಜಾಬೀ ಮಾತ್ರ ಹೊರಗೇ ಉಳಿದಳು. ಎಂಟು ವರ್ಷ ಪೀರಮ್ಮನ ಪಕ್ಕದಲ್ಲೇ ಬಗ್ಗಿ ನೆಲ್ಲು ಹಚ್ಚಿದವಳು ಅವಳು, ಕಾಲುವೆ ದಂಡೆಯಲ್ಲಿ ಒಂದೇ ಬುತ್ತಿಯಲ್ಲಿ ಉಂಡವಳು. ಗಂಡನ ಊರು ಲಿಂಗಸುಗೂರಿಗೆ ಒಯ್ಯಬೇಕೆಂದು ಪೀರಮ್ಮ ಆಸೆಪಟ್ಟಿದ್ದ ಒಂದೇ ಒಂದು ಫೋಟೊ, ತಾವಿಬ್ಬರೂ ನಿಂತದ್ದು.

“ಒಂದು ಫೋಟೊಕ್ಕ ಹನ್ನೆರಡು ಜಾಸ್ತಿ ತಗೋಬೇಕೇನು?” ಎಂದ ಪಕೀರಪ್ಪ. “ರೊಕ್ಕದ ಮಾತಲ್ಲವ್ವ. ಮೂವತ್ತಾರು ಐತಿ ಅಂತ ಗೊತ್ತಾದ್ರ ಬೀಗರು ಬಿಡ್ತಾರೇನು? ಹೊತ್ತು ಮುಳುಗೂತನಕ ಸಾಲಾಗಿ ನಿಂದ್ರತಾರ. ಇಪ್ಪತ್ನಾಕಾದ್ರ ರೀಲು ಮುಗೀತು ನಡೀರಿ ಅಂತ ಊಟಕ್ಕ ಎಬ್ಬಿಸಬೌದು.”

ದಾವಲ್‌ಸಾಬ್ ಇಬ್ಬರ ಮುಖವನ್ನೂ ನೋಡಿದ. “ನಸೀಬಿದ್ರ ಇಪ್ಪತ್ನಾಕರ ರೀಲಿನಾಗ ಇಪ್ಪತ್ತೈದನೇದೂ ಬರತೈತಿ ತಂಗಿ. ತುದಿ ಒಂಚೂರು ಉಳೀತೈತಿ. ಅದು ನಿಂದು, ನಿಮ್ಮ ರಾಜಾಬೀದು.”

ಪೀರಮ್ಮ ಒಲ್ಲದ ಮನಸ್ಸಿನಿಂದಲೇ ಹೂಂ ಅಂದಳು.

ಸೋಮವಾರ ಬೀಗರು ಪಕೀರಪ್ಪನ ಮಾತನ್ನು ಸುಳ್ಳು ಮಾಡಲಿಲ್ಲ. ಒಬ್ಬ ಹಿರಿಯರಂತೂ ಹೊಸ ಗಡಿಯಾರದ ಕೈಯನ್ನು ಮುಂದೆ ಚಾಚಿಕೊಂಡು ನಾಲ್ಕು ಫೋಟೊದಲ್ಲಿ ನಿಂತರು. ಊಟದ ಹೊತ್ತಿಗೆ ಇಪ್ಪತ್ತನಾಲ್ಕೂ ಖಾಲಿ. ಪೀರಮ್ಮ ಸಾರು ಬಡಿಸುತ್ತಿದ್ದ ರಾಜಾಬೀಯನ್ನು ಪಂಕ್ತಿಯಿಂದಲೇ ಎಳೆದು ತಂದು ಹಂದರದ ಕೆಳಗೆ ನಿಲ್ಲಿಸಿ, ಅವಳ ಹೆಗಲ ಮೇಲೆ ಕೈ ಹಾಕಿದಳು. ದಾವಲ್‌ಸಾಬ್ ಕ್ಯಾಮೆರಾ ಎತ್ತಿದ. ಫಳಕ್ಕನೆ ಲೈಟು ಬಿತ್ತು.

“ಆತು, ನಡೀರಿ,” ಎಂದ.

“ಆಗಿಲ್ರಿ,” ಎಂದಳು ಪೀರಮ್ಮ.

“ಲೈಟು ಬಿತ್ತಲ್ಲ ತಂಗಿ.”

“ಲೈಟು ಬಿತ್ತು. ಮುಂಜಾನಿಂದ ಒಂದು ಫೋಟೊ ಆದಕೂಡ್ಲೆ ಹೆಬ್ಬೆಟ್ಟಿಲೆ ರೀಲು ಮುಂದ ಸರಿಸೋ ಆ ಕಡ್ಡಿ ತಿರುವಾಕತ್ತಿದ್ರಿ. ಬೀಗರ ಕಡೀ ಫೋಟೊ ಆದಮ್ಯಾಲ ತಿರುವಿಲ್ಲ. ನಾ ನಿಮ್ಮ ಕೈನ ನೋಡಾಕತ್ತೀನಿ.”

ದಾವಲ್‌ಸಾಬ್‌ನ ಮುಖ ಸಣ್ಣದಾಯಿತು. ಹಟ ಹಿಡಿದವರಿಗೆ ರೀಲು ಖರ್ಚು ಮಾಡದೆ ಬರೀ ಲೈಟು ಹೊಡೆದು ಸಮಾಧಾನ ಮಾಡಿ ಕಳಿಸುವುದು ಅವನ ಕಸುಬಿನ ಗುಟ್ಟು. ಆ ಸುಳ್ಳು ಲೈಟಿಗೆ ಮೀಸೆ ತಿರುವಿದವರು, ಸೆರಗು ಸರಿಮಾಡಿಕೊಂಡವರು ಲೆಕ್ಕವಿಲ್ಲ. ಅವನ ಕೈ ನೋಡಿದವರು ಮಾತ್ರ ಯಾರೂ ಇರಲಿಲ್ಲ. ನಾಟಿಯ ಸಾಲಿನಲ್ಲಿ ಪಕ್ಕದವಳ ಕೈ ನೋಡಿಕೊಂಡೇ ಹೆಜ್ಜೆ ಹಿಂದಿಡುವವಳ ಕಣ್ಣು ತಪ್ಪಿಸುವುದು ಅಷ್ಟು ಸುಲಭವಲ್ಲ.

“ಖರೇ ಹೇಳ್ತೀನಿ ತಂಗಿ,” ಎಂದು ಅವನು ದನಿ ಇಳಿಸಿದ. “ರೀಲು ತುದಿಗೆ ಬಂದು ಕಡ್ಡಿ ಭಾಳ ಬಿಗಿ ಆಗೈತಿ. ಜುಲುಮಿ ಮಾಡಿದ್ರ ರೀಲು ಹರೀಬೌದು. ಹರೀತಂದ್ರ ಎಲ್ಲಾ ಹೋತು, ತಾಳಿ ಕಟ್ಟಿದ ಫೋಟೊನೂ ಹೋತು.”

ಪಕೀರಪ್ಪ ಊಟದ ಪಂಕ್ತಿಯಿಂದ ಓಡಿ ಬಂದ. “ಏ ಪೀರಿ, ಬ್ಯಾಡ ಬಿಡವ್ವ.”

“ತಾಳಿ ಕೊಳ್ಳಾಗ ಐತಲ್ಲ ಯಪ್ಪ,” ಎಂದಳು ಪೀರಮ್ಮ. “ತಿರುವ್ರಿ ಸಾಬ್ರ.”

ದಾವಲ್‌ಸಾಬ್ ಬಿಸ್ಮಿಲ್ಲಾ ಎಂದು ಹೆಬ್ಬೆರಳಿಟ್ಟ. ಕಡ್ಡಿ ಅಲ್ಲಾಡಲಿಲ್ಲ. ಮೆಲ್ಲಗೆ ಇನ್ನೊಮ್ಮೆ ಒತ್ತಿದ. ಅರ್ಧಕ್ಕೆ ಬಂದು ನಿಂತು, ಮನಸ್ಸು ಬದಲಿಸಿದಂತೆ ಪೂರ್ತಿ ತಿರುಗಿತು. ಗೆಳತಿಯರಿಬ್ಬರೂ ನಗುವುದನ್ನೇ ಮರೆತು ಅವನ ಹೆಬ್ಬೆರಳು ನೋಡುತ್ತಿದ್ದಾಗಲೇ ಲೈಟು ಬಿತ್ತು.

ಹದಿನೈದು ದಿನ ಕಳೆದು ಪೀರಮ್ಮ ಮೊದಲ ಸಲ ತವರಿಗೆ ಬಂದಳು. ಮರುದಿನವೇ ರಾಜಾಬೀಯನ್ನು ಕರೆದುಕೊಂಡು ಸ್ಟುಡಿಯೊದ ಮೆಟ್ಟಿಲು ಹತ್ತಿದಳು. ರಾಯಚೂರಿನಿಂದ ಫೋಟೊ ತೊಳೆದು ಬಂದಿದ್ದವು. ಇಪ್ಪತ್ತನಾಲ್ಕೂ ಚೆಂದ, ಬೀಗರ ಗಡಿಯಾರದಲ್ಲಿ ಮುಳ್ಳು ಸಹ ಕಾಣುತ್ತಿತ್ತು. ಇಪ್ಪತ್ತೈದನೆಯದನ್ನು ದಾವಲ್‌ಸಾಬ್ ಆಲ್ಬಮ್ಮಿನ ಕೆಳಗೆ ಬಚ್ಚಿಟ್ಟಿದ್ದ. ಪೀರಮ್ಮ ಕೈ ಚಾಚಿದ ಮೇಲೆ ತಲೆ ತಗ್ಗಿಸಿ ಹೊರತೆಗೆದ.

ರೀಲಿನ ತುದಿ, ಅರ್ಧವೇ ಬಂದಿತ್ತು. ಒಂದು ಕಡೆ ರಾಜಾಬೀ, ಸಾರಿನ ಕೈ ಸೆರಗಿಗೆ ಒರೆಸಿಕೊಳ್ಳುತ್ತ, ಬಾಯಿ ತುಸು ತೆರೆದುಕೊಂಡು. ಅವಳ ಹೆಗಲ ಮೇಲೆ ಹಸಿರು ಬಳೆಯ ಒಂದು ಕೈ. ಆ ಕೈಯಿಂದಾಚೆಗೆ ಬರೀ ಬಿಳುಪು.

“ಅಯ್ಯ, ನೀನ ಬಂದಿಲ್ಲಲ್ಲೇ ಇದರಾಗ,” ಎಂದಳು ರಾಜಾಬೀ. ಅವಳಿಗೆ ಅಳು ಬರುವಂತಿತ್ತು. “ಇದನ್ನ ಒಯ್ದು ಏನ್ ಮಾಡ್ತಿ?”

ಪೀರಮ್ಮ ಫೋಟೊವನ್ನು ಸೆರಗಿನಿಂದ ಒರೆಸಿ, ಎತ್ತಿ ಹಿಡಿದು ಬಹಳ ಹೊತ್ತು ನೋಡಿದಳು. ಮುಖ ಅರಳಿತು.

“ನನ್ನ ಮಾರಿ ನೋಡಾಕ ಲಿಂಗಸುಗೂರಾಗ ಕನ್ನಡಿ ಐತಿ ಬೇ,” ಎಂದಳು. “ಅಲ್ಲಿ ಇಲ್ಲದಾಕಿ ನೀ ಒಬ್ಬಾಕಿ.”