ರೇಡಿಯೊದಲ್ಲಿ ಬಂದ ಬೀಸುಕಲ್ಲು

ರೇಡಿಯೊದಲ್ಲಿ ಬಂದದ್ದು ನಮ್ಮಜ್ಜಿಯ ಹಾಡಲ್ಲ, ಬೀಸುಕಲ್ಲಿನ ಸದ್ದು. ಈಗಲೂ ಗಿರಣಿಯಿಂದ ಬಿಸಿ ಜೋಳದ ಹಿಟ್ಟಿನ ವಾಸನೆ ಬಂದರೆ ನನಗೆ ಅದೇ ನೆನಪಾಗುತ್ತದೆ.

ಸರ್ಕಾರಿ ರೇಡಿಯೊದಲ್ಲಿ ಕನ್ನಡ, ಕೊಂಕಣಿ, ಲಂಬಾಣಿ ಎಲ್ಲವೂ ಬರುತ್ತಿತ್ತು. ತಾಂಡಾದ ಸೋಮ್ಲಿಬಾಯಿಯ ಲಂಬಾಣಿ ಹಾಡು ಬಂದ ದಿನದಿಂದ ಅಜ್ಜಿಗೆ ತಾನೂ ಹಾಡಬೇಕೆಂಬ ಹಟ. ಒಂದು ಮಧ್ಯಾಹ್ನ ರೇಡಿಯೊದವರು ತೊಗರ್ಸಿಯ ನಮ್ಮ ಮನೆಗೇ ಬಂದು ಮೈಕು ಹಿಡಿದರು. ಅಜ್ಜಿಯ ಬಾಯಿಗೆ ಒಂದು ಸಾಲೂ ಬರಲಿಲ್ಲ.

“ಕಲ್ಲು ತಿರುಗಿದ್ರೇನೇ ಹಾಡು ಬರೋದು ರೀ,” ಎಂದಳು.

“ಹಂಗಾದ್ರೆ ಸುಮ್ನೆ ತಿರುಗ್ಸಿ ಅಮ್ಮ, ಕಾಳು ಬೇಡ,” ಎಂದರು ಅವರು.

“ಬರೀ ಕಲ್ಲು ಬೀಸಬಾರ್ದು ರೀ. ಮನೇಲಿ ಉಣ್ಣೋರಿದ್ದಾರೆ.”

ನಾನು ಜೋಳ ಹಾಕುತ್ತಾ ಹೋದೆ. ಅವರು ಸಾಕೆಂದರೂ ಅಜ್ಜಿ ಎರಡು ಸೇರು ಮುಗಿಯುವ ತನಕ ಬೀಸುತ್ತಾ ಹಾಡಿದಳು.

ವಾರದ ಮೇಲೆ ಓಣಿಯವರೆಲ್ಲ, ತಾಂಡಾದಿಂದ ಬಂದ ಸೋಮ್ಲಿಬಾಯಿಯೂ ಸೇರಿ, ರೇಡಿಯೊ ಮುಂದೆ ಕೂತೆವು. ಗುರ್ರ್ ಗುರ್ರ್ ಅನ್ನುವುದೊಂದೇ ಕೇಳಿತು; ಅಜ್ಜಿಯ ದನಿ ಅದರಲ್ಲಿ ಮುಳುಗಿಹೋಗಿತ್ತು.

“ಅಕ್ಕಾ, ಹಿಟ್ಟು ನುಣ್ಣಗೆ ಬಂದೈತೆ ಬಿಡು,” ಎಂದು ಸೋಮ್ಲಿಬಾಯಿ ನಕ್ಕಳು. ಅಜ್ಜಿ ಊಟ ಬಿಟ್ಟು ಮಲಗಿದಳು.

ಮರುದಿನ ಬೆಳಗಾಗುತ್ತಲೇ ಅಜ್ಜಿಯನ್ನು ಮುಂಬಾಗಿಲ ಕಟ್ಟೆಯ ಮೇಲೆ ಕೂರಿಸಿ ಓಣಿಗೆಲ್ಲ ಕೇಳುವಂತೆ ಹಾಡಲು ಹೇಳಿದೆ. ಕಲ್ಲನ್ನು ಹಿತ್ತಿಲಿಗೆ ಎಳೆದುಕೊಂಡು ಹೋಗಿ, ಜೋಳ ಹಾಕಿ, ನಾನೇ ಬೀಸಿದೆ.