ವಿಜಯಕುಮಾರನ ಕಾರ್ನಿಶ್ ಪಾಠ

“ಶಿವದೇವಿ, ಬಾ ಇಲ್ಲಿ. ನಾ ಕಾರ್ನಿಶ್‌ನ್ಯಾಗ ಪ್ರಶ್ನೆ ಕೇಳ್ತೀನಿ, ನೀ ಉತ್ತರ ಹೇಳು,” ಎಂದು ವಿಜಯಕುಮಾರ ಲ್ಯಾಪ್‌ಟಾಪಿನ ಮುಂದಿನಿಂದಲೇ ಹೆಂಡತಿಯನ್ನು ಕರೆದ. ಇಂಗ್ಲೆಂಡಿನ ಮೂಲೆಯೊಂದರ ಭಾಷೆ ಅದು. ಒಮ್ಮೆ ಸತ್ತು, ಹಟಮಾರಿಗಳ ಬಾಯಲ್ಲಿ ಮತ್ತೆ ಜೀವ ಹಿಡಿದದ್ದು. ದಿಲ್‌ಸುಖ್‌ನಗರದ ಈ ಮೂರನೇ ಮಹಡಿಗೂ ವಾರಕ್ಕೊಮ್ಮೆ ಬರುತ್ತಿತ್ತು. ತೆರೆಯ ಮೇಲೆ ಅಲ್ಲಿನ ವಯಸ್ಸಾದ ಮೇಡಂ ಕಾಯುತ್ತಿದ್ದರು.

“ನಂಗ ಬರೂದಿಲ್ಲ,” ಅಡುಗೆಮನೆಯಿಂದ ಉತ್ತರ ಬಂತು.

“ಭಾಳ ಕಷ್ಟದ ಭಾಷಾ. ಬೆಕ್ಕಿಗೆ ‘ಕಾಥ್’ ಅಂತಾರ, ‘ಆ ಬೆಕ್ಕು’ ಅಂದ್ರ ‘ಗಾಥ್’ ಆಗಿಬಿಡತೈತಿ. ಡಿಕ್ಷನರ್ಯಾಗ ಹುಡುಕಿದ್ರ ಸಿಗೂದಿಲ್ಲ. ಇಷ್ಟು ದೊಡ್ಡ ಊರಾಗ ನನ್ನ ಜೋಡಿ ಮಾತಾಡವ್ರು ಒಬ್ಬರೂ ಇಲ್ಲ. ಎಷ್ಟು ತ್ರಾಸ ಆಗತೈತಿ, ನಿನಗೇನ್ ಗೊತ್ತು?”

ಶಿವದೇವಿಗೆ ಮೈಯೆಲ್ಲ ಉರಿದುಹೋಯಿತು. ಸೌಟು ಹಿಡಿದೇ ಹೊರಗೆ ಬಂದಳು. “ನನಗ ಗೊತ್ತಿಲ್ಲೇನ್ರಿ? ಐದು ವರ್ಷ ಆತು ಈ ಊರಿಗೆ ಬಂದು. ತೆಲುಗು ಕಲಿಸ್ರಿ ಅಂದ್ರ ‘ನಾ ಅದೀನಲ್ಲ, ನಾ ಮಾತಾಡ್ತೀನಿ’ ಅಂದ್ರಿ. ನಿನ್ನೆ ನೀರಿನ ಮೋಟರ್ ಬಂದ್ ಮಾಡಲಿಲ್ಲಂತ ಕೆಳಗಿನ ಮನಿ ವಾಸಂತಿ ಎಲ್ಲಾರ ಮುಂದ ನನ್ನ ಮ್ಯಾಲೆ ಕೂಗಾಡಿದಾಗ ಏನ್ ಮಾತಾಡಿದ್ರಿ? ಮೋಟರ್ ಹಚ್ಚಿದಾಕಿ ನಾ ಅಲ್ಲ ಅಂತ ಬಡಕೊಂಡೆ. ನೀವು ಸಾರಿ ಅಂದ್ರಿ! ಅದೊಂದು ಶಬ್ದ ನನಗೂ ತಿಳೀತೈತ್ರಿ.”

“ಸುಮ್ನ ಜಗಳ ಯಾಕಂತ... ಮೆಲ್ಲಕ, ಮೇಡಂ ಕೇಳಾಕತ್ತಾರ.”

ಏನಾಯಿತು, ಯಾರದು ಎಂದು ಮೇಡಂ ಕೇಳಿದರು. ವಿಜಯಕುಮಾರ ಹಲ್ಲು ಕಿರಿದು, ತಡವರಿಸುತ್ತ, ತನಗೆ ಬರುವ ನಾಲ್ಕು ಪದಗಳಲ್ಲಿ ಹೇಳಿದ: ನನ್ನ ಹೆಂಡತಿ, ನಿಮಗೆ ನಮಸ್ಕಾರ ಹೇಳುತ್ತಿದ್ದಾಳೆ. ಮೇಡಂ ಖುಷಿಯಿಂದ ಶಿವದೇವಿಗೆ ಕೈಮುಗಿದರು.

ಆ ಮುಗಿದ ಕೈ ಕಂಡದ್ದೇ ತಡ, ಅವಳಿಗೆ ಎಲ್ಲ ಅರ್ಥವಾಯಿತು. ನಿನ್ನೆಯಂತೆಯೇ ಇವತ್ತೂ ತನ್ನ ಬಾಯಿಗೆ ಅವನ ಮಾತು. ಸೌಟನ್ನು ಲ್ಯಾಪ್‌ಟಾಪಿನ ಪಕ್ಕ ಕುಕ್ಕಿ ದಡದಡ ಮೆಟ್ಟಿಲಿಳಿದಳು. ಗಂಡ ಬರಿಗಾಲಲ್ಲೇ ಹಿಂದೆ ಓಡಿದ.

ವಾಸಂತಿ ಬಾಗಿಲು ತೆರೆದಳು. “ಮೋಟರ್... ನೇನು ಕಾದು,” ಎಂದಳು ಶಿವದೇವಿ. ‘ನಾನಲ್ಲ’ ಎನ್ನಲು ಬೇಕಾದ ಆ ಎರಡು ಪದಗಳನ್ನು ಬೆಳಿಗ್ಗೆಯಷ್ಟೇ ಹೂವಿನವಳಿಂದ ಕಲಿತಿದ್ದಳು. ಮುಂದಕ್ಕೆ ತೆಲುಗು ಸಾಲಲಿಲ್ಲ.

ವಾಸಂತಿ ಎಂದಿನ ಅಭ್ಯಾಸದಂತೆ ವಿಜಯಕುಮಾರನ ಮುಖ ನೋಡಿದಳು. ಅವನು ಬಾಯಿ ತೆರೆಯುವಷ್ಟರಲ್ಲಿ ಶಿವದೇವಿ ಇಬ್ಬರ ನಡುವೆ ಬಂದು ನಿಂತು, ಕನ್ನಡದಲ್ಲೇ ಗುಡುಗಿದಳು:

“ಆ ಕಡೆ ಏನ್ ನೋಡ್ತೀರಿ? ಮಾತಾಡಾಕತ್ತಾಕಿ ನಾನು!”