ಲೂನಾಳ ಇನ್ನೊಂದು ಬದುಕು

"ನಿಲ್ಲಿಸೇ! ಲೂನಾ ಹೊಲಿಗೆ ಅಂಗಡಿ ಇಟ್ಟಳಾ? ಸೂಜಿಗೆ ದಾರ ಪೋಣಿಸೋಕೂ ನನ್ನನ್ನೇ ಕರೀತಿದ್ಳು ಅವಳು!" ಜೋಯಾ ಅಜ್ಜಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಮೊಮ್ಮಗಳು ಸಿಗಲ್‌ಗೆ ಹಾಯೆನಿಸಿತು. ಅಜ್ಜಿಯ ಕಣ್ಣು ಮಂಜಾಗಿದ್ದರಿಂದ, ಆಗಷ್ಟೇ ಅಚ್ಚಾಗಿ ಬಂದ ತನ್ನ ಕಾದಂಬರಿಯನ್ನು ತಾನೇ ಓದಿ ಹೇಳುತ್ತಿದ್ದಳು. ಅಜ್ಜಿಯ ತಂಗಿ ಲೂನಾ ಹದಿನಾರರ ಹರೆಯದಲ್ಲಿ ನಾಜಿಗಳ ಶಿಬಿರದಲ್ಲಿ ಸತ್ತವಳು. ಕಾದಂಬರಿಯಲ್ಲಿ ಮಾತ್ರ ಅವಳು ಗ್ರೀಸಿನ ಸಲೋನಿಕಾದಲ್ಲಿ ಶಿಬಿರಕ್ಕೆ ಒಯ್ಯುವ ಆ ರೈಲು ಹತ್ತುವುದಿಲ್ಲ. ತಪ್ಪಿಸಿಕೊಂಡು ಇಂದಿನ ಇಸ್ರೇಲಿನ ಜಾಫಾಕ್ಕೆ ಬರುತ್ತಾಳೆ, ಮದುವೆಯಾಗುತ್ತಾಳೆ, ಮೊಮ್ಮಕ್ಕಳನ್ನು ಎತ್ತಿ ಆಡಿಸುತ್ತಾಳೆ.

"ಜಾಫಾಕ್ಕಾ? ನಮ್ಮ ಈ ಜಾಫಾಕ್ಕೇನಾ?"

"ಹೂಂ ಅಜ್ಜಿ. ಇಲ್ಲೇ, ಗಡಿಯಾರದ ಗೋಪುರದ ಹಿಂದಿನ ಬೀದೀಲಿ ಮನೆ."

ಅಜ್ಜಿಯ ಮುಖದಲ್ಲಿದ್ದ ನಗು ಆರಿತು. "ಇಷ್ಟು ಹತ್ತಿರಾನಾ? ನಾನು ಮೀನು ತರೋಕೆ ದಿನಾ ಅದೇ ಬೀದೀಲಿ ಓಡಾಡ್ತಿದ್ದೆ. ಒಂದು ಸಲಾನೂ ನನ್ನನ್ನ ಹುಡುಕಲಿಲ್ವೇನೇ ಅವಳು?"

ಸಿಗಲ್ ತಡವರಿಸಿದಳು. "ಹುಡುಕಿದ್ಳಜ್ಜಿ. ತುಂಬಾ ಹುಡುಕಿದ್ಳು."

"ಹಾಗಾದ್ರೆ ಅದನ್ನ ಓದು," ಎಂದು ಅಜ್ಜಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕಿವಿಗೊಟ್ಟಳು.

ಇಡೀ ಕಾದಂಬರಿಯಲ್ಲಿ ಲೂನಾಳಿಗೆ ಅಕ್ಕನೇ ಇರಲಿಲ್ಲ.